ಶುಕ್ರವಾರ ನೋಡಿದ ಮನೆ

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಯಾಕೆ ಕೊಡಲಿಲ್ಲ ಎನ್ನುವುದು ನನ್ನ ಬಹಳ ದಿನಗಳ ತಕರಾರು. ನೋಡಬಾರದ್ದು ಎದುರಿಗೆ ಬಂದರೆ ಕಣ್ಣು ಮುಚ್ಚಿಕೊಳ್ಳಬಹುದು. ಕೇಳಬಾರದ್ದು ಬಂದರೆ? ಎರಡು ಕಿವಿಗೂ ಬೆರಳು ತುರುಕಿಕೊಂಡು ಎಷ್ಟು ಹೊತ್ತು ಕೂತಿರುತ್ತೀರಿ? ಊಟಕ್ಕೆ ಒಂದು ಕೈಯಾದರೂ ಬೇಕಲ್ಲ. ಈ ತಕರಾರನ್ನು ಹರಿಹರದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಎತ್ತಿದ್ದೇನೋ ಲೆಕ್ಕವಿಲ್ಲ. ನಾನು ಎತ್ತಿದಾಗೆಲ್ಲ ಸಹೋದ್ಯೋಗಿಗಳು ಎದುರು ಮಾತಾಡದೆ ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋಗುತ್ತಿದ್ದರು. ನನ್ನ ವಾದಕ್ಕೆ ಅವರಲ್ಲಿ ಉತ್ತರವಿಲ್ಲ ಎಂದೇ ನಾನು ತಿಳಿದಿದ್ದೆ.

ನಾನು ಗಣಿತದ ಮೇಷ್ಟ್ರು. ನಮ್ಮ ಶಾಲೆ ರೈಲು ಹಳಿಯ ಮಗ್ಗುಲಿಗೇ ಇತ್ತು. ಗೂಡ್ಸ್ ಗಾಡಿ ಬಂತೆಂದರೆ ಉಳಿದ ಮೇಷ್ಟ್ರುಗಳು ಸೀಮೆಸುಣ್ಣ ಕೆಳಗಿಟ್ಟು, ಕೈ ಕಟ್ಟಿಕೊಂಡು, ಕೊನೆಯ ಡಬ್ಬಿ ದಾಟುವ ತನಕ ಕಾಯುತ್ತಿದ್ದರು. ನಾನು ಹದಿನೆಂಟು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ಗಾಡಿಗೂ ಪಾಠ ನಿಲ್ಲಿಸಿದವನಲ್ಲ. ಗಾಡಿಯ ಕೆಲಸ ಗಾಡಿಯದು, ನನ್ನ ಕೆಲಸ ನನ್ನದು. ಕೊನೇ ಬೆಂಚಿನವನಿಗೂ ಕೇಳಬೇಕು, ಅಷ್ಟೇ. ಒಂದು ಸಲ ಸ್ಟೇಷನ್ನಿನಲ್ಲಿ ಗಾರ್ಡ್ ಒಬ್ಬರು ನನ್ನನ್ನು ತಡೆದು ನಿಲ್ಲಿಸಿ, "ಸಾರ್, ಆ ಸಮದ್ವಿಬಾಹು ತ್ರಿಭುಜದ್ದು ಕೊನೇಗೆ ಏನಾತ್ರಿ? ಅಷ್ಟರಾಗ ನಮ್ ಗಾಡಿ ಮುಂದಕ್ಕೆ ಹೋಗಿಬಿಡ್ತು" ಎಂದು ಕೇಳಿದ್ದರು. ಇದನ್ನು ನಾನು ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಅವರಿಗೆ ಸಾಧನೆಯ ಉಳಿದ ಅರ್ಧವನ್ನೂ ಹೇಳಿ ಕಳಿಸಿದೆ.

ಆಗ ನಾವು ದಾವಣಗೆರೆಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ನಾನು ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಬರುತ್ತಿದ್ದೆ. ಮನೆಯ ಎದುರಿಗೆ ಹಿಟ್ಟಿನ ಗಿರಣಿ. ಹಿಂದಕ್ಕೆ ಎರಡು ಓಣಿ ದಾಟಿದರೆ ಹತ್ತಿ ಮಿಲ್ಲು, ಪಾಳಿ ಬದಲಾದಾಗೆಲ್ಲ ಅದರ ಕೂಗು. ನನ್ನ ಹೆಂಡತಿ ಸರೋಜಳಿಗೆ ಅರೆತಲೆನೋವು. ಬಂತೆಂದರೆ ಒಂದು ದಿನ, ಕೆಲವು ಸಲ ಎರಡು ದಿನ, ಮೇಲೇಳುತ್ತಿರಲಿಲ್ಲ. ಶುಂಠಿ ತೇಯ್ದು ಹಣೆಗೆ ಹಚ್ಚಿ, ನನ್ನ ಹಳೇ ಪಂಚೆಯ ಅಂಚು ಹರಿದು ತಲೆಗೆ ಬಿಗಿಯಾಗಿ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿ ಮಲಗುವಳು. ಬಹಳ ತಾಳ್ಮೆಯ ಹೆಂಗಸು. ಎಲ್ಲಿ ನೋಯುತ್ತದೆ ಎಂದು ಕೇಳಿದರೆ ಹಣೆಯ ಎಡಗಡೆ ಬೆರಳಿಟ್ಟು ತೋರಿಸುವಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಅವಳಿಗೆ ಸಮಾಧಾನವಾಗಲೆಂದು, ಆ ಗಿರಣಿಯವನನ್ನು ಅರ್ಧ ಗಂಟೆ ಬಯ್ಯುತ್ತಿದ್ದೆ. ಅವಳು ಪಂಚೆಯ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿಕೊಳ್ಳುತ್ತಿದ್ದಳು.

ಡಾಕ್ಟರು ಮಾತ್ರೆ ಬರೆದುಕೊಟ್ಟು, "ಇದಕ್ಕ ಮಾತ್ರೆಗಿಂತ ಗದ್ಲ ಇಲ್ಲದ ಜಾಗ ಮುಖ್ಯ ನೋಡ್ರಿ" ಎಂದರು. ದವಾಖಾನೆಯ ಬೆಂಚಿನ ಮೇಲೆ ಕೂತಲ್ಲೇ ನಾನು ನಿಶ್ಚಯ ಮಾಡಿದೆ. ವರ್ಷ ತಿರುಗುವುದರೊಳಗೆ ಸರೋಜಳನ್ನು ಸದ್ದುಗದ್ದಲವಿಲ್ಲದ ಸ್ವಂತ ಮನೆಯಲ್ಲಿ ಇರಿಸದಿದ್ದರೆ ನಾನು ಗಂಡಸೇ ಅಲ್ಲ. ಒಂದು ಸಲ ನಿಶ್ಚಯ ಮಾಡಿದೆನೆಂದರೆ ನನ್ನನ್ನು ಯಾರೂ ಅಲ್ಲಾಡಿಸಲಾರರು. ಗೂಡ್ಸ್ ಗಾಡಿಯೇ ಅಲ್ಲಾಡಿಸಲಿಲ್ಲ ಎಂದ ಮೇಲೆ ಉಳಿದವರ ಮಾತೇನು. ಸ್ಟಾಫ್ ರೂಮಿನಲ್ಲಿ ಎಲ್ಲರೂ, "ಹೊಸ ಬಡಾವಣೆಯಾಗ ಒಂದು ಸೈಟ್ ಹಿಡಿದು ಕಟ್ಟಿಸ್ರಿ ಮೇಷ್ಟ್ರೆ, ಹಳೇ ಮನಿ ತಗಂಡು ಏನ್ ಮಾಡ್ತೀರಿ" ಎಂದರು. ಕಟ್ಟಿಸುವುದೆಂದರೆ ಒಂದು ವರ್ಷ ಕಲ್ಲು ಒಡೆಯುವ ಸದ್ದು, ಗಾರೆ ಕಲಸುವ ಸದ್ದು, ಮೇಸ್ತ್ರಿಯ ಸದ್ದು. ಅದೆಲ್ಲ ಮುಗಿದು ತಣ್ಣಗಾಗಿ ಐವತ್ತು ವರ್ಷವಾದ ಮನೆಯೇ ನನಗೆ ಬೇಕಾದದ್ದು.

ಆಗ ಸರೋಜಳೇ ಒಂದು ದಾರಿ ಹೇಳಿದಳು. ಅವಳ ತವರು ಆನಗೋಡು. ಅಲ್ಲಿ ಅವಳ ಅಜ್ಜಿ ಬಹಳ ಹಿಂದೆ ಒಂದು ವ್ರತ ಹೇಳಿಕೊಟ್ಟಿದ್ದರಂತೆ. ಮನೆಯ ಯಜಮಾನ ಹನ್ನೊಂದು ಶುಕ್ರವಾರ, ಕೆಲಸದಿಂದ ಬಂದು ಕಾಲು ತೊಳೆದ ಗಳಿಗೆಯಿಂದ ಮರುದಿನ ಬೆಳಗಿನ ಕಾಫಿಯ ತನಕ, ತುಟಿ ಬಿಚ್ಚಬಾರದು. ಹಾಗೆ ಮೌನ ಹಿಡಿದರೆ ಮನೆಯ ಯೋಗ ಕೂಡಿ ಬರುತ್ತದೆ.

"ಲಕ್ಷ್ಮಿ ಬರೋ ಹೊತ್ತು ಕಣ್ರೀ ಅದು. ಮನೆ ನೋಡೋದಿದ್ರೂ ಶುಕ್ರವಾರ ಸಂಜೆನೇ ನೋಡ್ಬೇಕು" ಎಂದಳು.

"ಮಾತಾಡದೆ ಮನೆ ನೋಡೋದು ಹೆಂಗೆ?"

"ಮಾತು ನಾನು ಆಡ್ತೀನಿ. ನೀವು ಬರೀ ನೋಡ್ರಿ."

ವ್ರತ ಎಂದ ಮೇಲೆ ವ್ರತ. ನಾನು ಶುಕ್ರವಾರ ಹಿಡಿದುಬಿಟ್ಟೆ. ಮೊದಲ ವಾರ ಸಂಜೆ ಏಳರ ಹೊತ್ತಿಗೆ ಗಂಟಲಲ್ಲಿ ಮಾತು ಸಿಕ್ಕಿಕೊಂಡು ಎರಡು ಸಲ ಬಿಕ್ಕಳಿಕೆ ಬಂತು. ಆದರೆ ಒಂದು ಆಶ್ಚರ್ಯ ನಡೆಯಿತು. ಶುಕ್ರವಾರ ಸಂಜೆ ಸರೋಜಳಿಗೆ ತಲೆನೋವು ಬರಲಿಲ್ಲ. ಮುಂದಿನ ಶುಕ್ರವಾರವೂ ಇಲ್ಲ. ಶನಿವಾರ ಕಾಫಿ ಕುಡಿದು ಲೋಟ ಕೆಳಗಿಟ್ಟ ತಕ್ಷಣ, ಹನ್ನೆರಡು ಗಂಟೆ ಕೂಡಿಟ್ಟ ಮಾತನ್ನೆಲ್ಲ ಒಟ್ಟಿಗೆ ಬಿಟ್ಟು, "ನೋಡಿದ್ಯಾ ವ್ರತದ ಮಹಿಮೆ!" ಎಂದೆ. "ಹೂಂ ರೀ, ಬಾಳ ಮಹಿಮೆ ಐತೆ" ಎಂದು ಅವಳು ಹಣೆ ಒತ್ತಿಕೊಂಡಳು.

ಐದನೆಯ ಶುಕ್ರವಾರ ಆ ಮನೆ ಸಿಕ್ಕಿತು. ಹಳೇ ಊರಿನ ಒಂದು ಸಣ್ಣ ಓಣಿ. ಓಣಿಯ ಒಂದು ಮಗ್ಗುಲಿಗೆ ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಎಂಟು ಮನೆಗಳ ಸಾಲು. ಎರಡು ಮನೆಗೆ ನಡುವೆ ಒಂದೇ ಗೋಡೆ. ನಮ್ಮದು ಸಾಲಿನ ಕೊನೆಯದು, ಆದ್ದರಿಂದ ನೆರೆ ಎಂದರೆ ಒಂದೇ ಕಡೆ. ಮಂಗಳೂರು ಹಂಚು, ಎತ್ತರದ ಹೊಸ್ತಿಲು, ತೇಗದ ತೊಲೆ, ಹಿತ್ತಲಲ್ಲಿ ಕರಿಬೇವಿನ ಗಿಡ. ಎಲ್ಲಕ್ಕಿಂತ ಮೇಲಾಗಿ, ನಿಶ್ಶಬ್ದ. ನಾನು ಪಡಸಾಲೆಯಲ್ಲಿ ಕಣ್ಣು ಮುಚ್ಚಿ ನಿಂತೆ. ಕರಿಬೇವಿನ ಗಿಡದಲ್ಲಿ ಒಂದು ಗುಬ್ಬಿ ರೆಕ್ಕೆ ಕೊಡವಿದ್ದು ಕೇಳಿಸಿತು. ಪಕ್ಕದ ಮನೆಯ ಬಾಗಿಲು ಮುಚ್ಚಿತ್ತು. ಹೊರಗೆ ಕಟ್ಟೆಯ ಮೇಲೆ ಹಸಿರು ಬಣ್ಣ ಬಳಿದ ಎರಡು ತಗಡಿನ ಟ್ರಂಕುಗಳನ್ನು ಒಣಗಲು ಇಟ್ಟಿದ್ದರು. ಎಲ್ಲೋ ಪ್ರಯಾಣ ಹೊರಟಿರುವ ಶಾಂತ ಸಂಸಾರ ಎಂದುಕೊಂಡೆ.

ಮನೆಯ ಮಾಲೀಕರು ಗುರುಸಿದ್ದಪ್ಪ ಎಂಬ ಹಿರಿಯರು. ಮೂವತ್ತು ವರ್ಷ ಮಿಲ್ಲಿನ ನೇಯ್ಗೆ ಖಾತೆಯಲ್ಲಿ ದುಡಿದು ನಿವೃತ್ತರಾದವರು, ಮಲೆಬೆನ್ನೂರಿನ ಮಗಳ ಮನೆಗೆ ಹೋಗಿ ಇರಬೇಕೆಂದು ಮನೆ ಮಾರಲು ಕೂತಿದ್ದರು. ಸರೋಜ ಅವರನ್ನು, "ಓಣಿಯಾಗ ಗದ್ಲ ಏನಾರ ಐತೇನ್ರಿ?" ಎಂದು ಕೇಳಿದಳು. ಅವರು ಅವಳ ಮುಖವನ್ನೇ ನೋಡುತ್ತಿದ್ದು, ಸ್ವಲ್ಪ ಹೊತ್ತಿನ ಮೇಲೆ ಎರಡೂ ಕೈ ಮೇಲೆತ್ತಿ, "ದೇವರಾಣೆ ಹೇಳ್ತೀನಿ ತಾಯಿ, ಈ ಮನಿಯಾಗ ಹತ್ತು ವರ್ಷದಿಂದ ನಾನು ಒಂದು ಸಪ್ಳ ಕೇಳಿಲ್ಲ" ಎಂದರು. ಆ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ ಎನ್ನುವುದನ್ನು ನಾನು ಇವತ್ತಿಗೂ ಒಪ್ಪುತ್ತೇನೆ. "ಪಕ್ಕದ ಮನೆಯೋರು ಏನ್ ಮಾಡ್ತಾರ್ರಿ?" ಎಂದು ಅವಳು ಎರಡು ಸಲ ಕೇಳಿದ ಮೇಲೆ, "ಬಾಷಾ ಸಾಬರು. ಪೆಟ್ಟಿಗಿ ವ್ಯಾಪಾರ. ಪ್ಯಾಟ್ಯಾಗ ಅಂಗಡಿ ಐತೆ. ಬಂಗಾರದಂಥ ಮನುಷ್ಯ" ಎಂದರು. ಅಂಗಡಿ ಪೇಟೆಯಲ್ಲಿ. ನನಗೆ ಅಷ್ಟೇ ಸಾಕಾಯಿತು. ಪೆಟ್ಟಿಗೆ ಮಾರುವುದು ಪೇಟೆಯಲ್ಲಾದರೆ ಮಾಡುವುದು ಎಲ್ಲಿ ಎಂದು ಕೇಳಬೇಕಿತ್ತು. ಎರಡು ಅಂಶ ಕೊಟ್ಟು ಮೂರನೆಯದನ್ನು ಕಂಡುಹಿಡಿಯಿರಿ ಎಂದು ಮಕ್ಕಳ ಕಿವಿ ಹಿಂಡುವ ಮೇಷ್ಟ್ರಿಗೆ ಅದು ಹೊಳೆಯಲಿಲ್ಲ.

ಮುಂದಿನ ಎರಡು ಶುಕ್ರವಾರವೂ ಹೋಗಿ ನೋಡಿದೆವು. ಎರಡು ಸಲವೂ ಅದೇ ಗುಬ್ಬಿ, ಅದೇ ನಿಶ್ಶಬ್ದ. ಮೂರನೆಯ ಸಲ ಗುರುಸಿದ್ದಪ್ಪನವರು, "ಎಲ್ಲಾ ಸರಿ ಮೇಷ್ಟ್ರೆ. ಆದ್ರ ಈ ಸಾಲಿನಾಗ ಒಂದು ಪದ್ಧತಿ ಐತೆ. ನಡುಗ್ವಾಡೆ ಹಂಚಿಕೊಂಡೋರು ಹೂಂ ಅನ್ನದೆ ಮನಿ ಮಾರಂಗಿಲ್ಲ" ಎಂದು ಪಕ್ಕದ ಬಾಗಿಲು ತಟ್ಟಿದರು. ಬಿಳೀ ಜುಬ್ಬ ತೊಟ್ಟ, ಅತ್ತರು ಘಮಘಮಿಸುವ, ನನ್ನಷ್ಟೇ ವಯಸ್ಸಿನ ಬಾಷಾ ಸಾಬರು ಹೊರಗೆ ಬಂದು ಕೈಯೆತ್ತಿ ನಮಸ್ಕಾರ ಮಾಡಿದರು. ನಾನೂ ಕೈ ಮುಗಿದೆ. ಅವರು ಎಲ್ಲಿ ಕೆಲಸ ಎಂದು ಕೇಳಿದರೆ ಸರೋಜ ಹೇಳಿದಳು. ಎಷ್ಟು ಜನ ಎಂದು ಕೇಳಿದರೆ ಸರೋಜ ಹೇಳಿದಳು. ನಾನು ಕತ್ತು ಆಡಿಸುತ್ತ, ನಗುತ್ತ ನಿಂತಿದ್ದೆ. ಅವರು ನನ್ನನ್ನು ಅಡಿಯಿಂದ ಮುಡಿಯ ತನಕ ಪ್ರೀತಿಯಿಂದ ನೋಡಿ, ಒಳಗೆ ಹೋಗಿ ಹೆಂಡತಿ ಹಸೀನಾಬಿಯ ಹತ್ತಿರ ಮಾತಾಡಿ ಬಂದು, ಗುರುಸಿದ್ದಪ್ಪನವರ ಕಿವಿಯ ಹತ್ತಿರ ಬಾಯಿಟ್ಟು ಓಣಿಗೆಲ್ಲ ಕೇಳುವ ಹಾಗೆ, "ಹೂಂ ಅಂತ ಹೇಳ್ರಿ ಯಜಮಾನ್ರೆ! ಇಂಥೋರು ಸಿಗಲ್ಲ! ಇವರಿಗೇ ಕೊಡ್ರಿ!" ಎಂದರು. ಒಂದು ಮಾತೂ ಆಡದೆ ಒಬ್ಬ ಮನುಷ್ಯನ ಮನಸ್ಸು ಗೆದ್ದದ್ದಕ್ಕೆ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಯಾಕೆ ಗೆದ್ದೆ ಎಂದು ಯೋಚಿಸಲಿಲ್ಲ.

ಕ್ರಯಪತ್ರದ ನೋಂದಣಿ ಆದದ್ದು ಒಂದು ಸೋಮವಾರ, ಕಚೇರಿಯಲ್ಲಿ. ಅವತ್ತು ನನಗೆ ಮೌನವಿರಲಿಲ್ಲ. ಚಕ್ಕುಬಂದಿ ಓದುವಾಗ ಗುಮಾಸ್ತರ ಸ್ವರ ಸಾಲದೆಂದು ನಾನೇ ಪತ್ರ ಇಸಿದುಕೊಂಡು, ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ಓದಿದೆ. ಹೊರಗೆ ನೇರಳೆ ಮರದ ಕೆಳಗೆ ಕೂತಿದ್ದವರೂ ಎದ್ದು ಬಂದು ಕಿಟಕಿಯಲ್ಲಿ ಇಣುಕಿದರು. ಗುರುಸಿದ್ದಪ್ಪನವರ ಕಣ್ಣಲ್ಲಿ ನೀರು ಬಂತು. ನನ್ನ ಕೈ ಹಿಡಿದುಕೊಂಡು, "ಮೇಷ್ಟ್ರೆ, ಎಷ್ಟೋ ವರ್ಷದ ಮ್ಯಾಲೆ ಒಬ್ಬರ ಮಾತು ನಂಗೆ ಸ್ವಚ್ಛ ಕೇಳಿಸ್ತು. ಮಗ್ಗದ ಖಾತೆ ನನ್ ಕಿವಿ ತಿಂದುಬಿಟ್ಟೈತಿ" ಎಂದರು. ಹತ್ತು ವರ್ಷದಿಂದ ಒಂದು ಸಪ್ಪಳ ಕೇಳಿಲ್ಲ ಎಂದಿದ್ದರಲ್ಲ! ಆದರೆ ಅಷ್ಟರಲ್ಲಿ ಅವರು ಹೆಬ್ಬೆಟ್ಟಿನ ಮಸಿಯನ್ನು ಗೋಡೆಗೆ ಒರೆಸುತ್ತಿದ್ದರು. ಇರಲಿ, ಅವರ ಕಿವಿ ಹೋದರೇನು, ನನ್ನ ಕಿವಿಯಿಂದಲೇ ಮೂರು ಸಲ ಪರೀಕ್ಷೆ ಮಾಡಿದ್ದೇನಲ್ಲ ಎಂದು ಧೈರ್ಯ ತಂದುಕೊಂಡೆ.

ಗೃಹಪ್ರವೇಶವೂ ಶುಕ್ರವಾರ ಸಂಜೆಯೇ. ಹನ್ನೊಂದನೆಯ ಶುಕ್ರವಾರ. ಮರುದಿನ ಕಾಫಿ ಕುಡಿದು ವ್ರತ ಮುಗಿಯಿತು ಎನ್ನುವಷ್ಟರಲ್ಲಿ ಸರೋಜ, "ಅದು ಮನೆ ಆಗೋದಕ್ಕೆ ಹಿಡಿದದ್ದು. ಮನೆ ಒಗ್ಗಿ ಬರೋದಕ್ಕೆ ಇನ್ನು ಇಪ್ಪತ್ತೊಂದು ಶುಕ್ರವಾರ ಹಿಡೀಬೇಕು ಅಂತ ನಮ್ಮಜ್ಜಿ ಹೇಳಿದ್ರು" ಎಂದಳು. ಏನೋ ಹೇಳಬೇಕೆಂದು ಬಾಯಿ ತೆರೆದೆ. ಆಗಲೇ ಅದು ಶುರುವಾಯಿತು.

ಢಣ್.

ಮೊದಲು ಒಂದೇ ಪೆಟ್ಟು. ಆಮೇಲೆ ಢಣ್ ಢಣ್. ಆಮೇಲೆ ಢಣಢಣಢಣ ಎಂದು ಬಿಡುವಿಲ್ಲದೆ. ನಡುಗೋಡೆಯ ಗೂಡಿನಲ್ಲಿಟ್ಟಿದ್ದ ಕುಂಕುಮದ ಭರಣಿ ತಾನಾಗಿ ಕುಣಿಯುತ್ತ ಅಂಚಿಗೆ ಬಂತು. ಓಡಿಹೋಗಿ ನೋಡಿದೆ. ಪಕ್ಕದ ಮನೆಯ ಬಾಗಿಲು ಹಾರುಹೊಡೆದಿತ್ತು. ನಿನ್ನೆಯ ಬಿಳೀ ಜುಬ್ಬದ ಬಾಷಾ ಸಾಬರು ಇವತ್ತು ಬನಿಯನ್ನು, ಚೌಕಳಿ ಲುಂಗಿಯಲ್ಲಿ ಕೂತು, ಕಬ್ಬಿಣದ ಹಳಿಯೊಂದರ ಮೇಲೆ ತಗಡು ಇಟ್ಟು ಅಂಚು ಮಡಿಚಿ ಬಡಿಯುತ್ತಿದ್ದರು. ಸುತ್ತ ಅರ್ಧ ಆದ, ಮುಕ್ಕಾಲು ಆದ ಟ್ರಂಕುಗಳು. ಕತ್ತೆತ್ತಿ ನನ್ನನ್ನು ನೋಡಿ ಮುಖ ಅರಳಿಸಿದರು. "ಬರ್ರಿ ಸಾರ್, ಕೂಡ್ರಿ! ನಿನ್ನೆ ಜುಮ್ಮಾ, ನಾವು ಸುತ್ತಿಗೆ ಮುಟ್ಟಲ್ಲ. ಒಂದಿನದ ಕೆಲಸ ಬಾಕಿ ಬಿದ್ದೈತೆ!"

ನಾನು ಆ ಮನೆಯನ್ನು ನೋಡಿದ್ದು ಶುಕ್ರವಾರ, ಮತ್ತೆ ಶುಕ್ರವಾರ, ಮತ್ತೂ ಶುಕ್ರವಾರ. ವಾರದ ಏಳು ದಿನದಲ್ಲಿ ಒಂದೇ ದಿನವನ್ನು ಮೂರು ಸಲ ನೋಡಿ ವಾರವನ್ನೆಲ್ಲ ನೋಡಿದೆ ಎಂದು ತೀರ್ಮಾನಿಸಿದ ನಾನು ಎಸ್ಸೆಸ್ಸೆಲ್ಸಿಗೆ ಗಣಿತ ಕಲಿಸುತ್ತಿದ್ದೆ.

ಬಾಷಾ ಸಾಬರ ದಿನಚರಿ ಹೀಗಿತ್ತು. ಬೆಳಿಗ್ಗೆ ಆರರಿಂದ ಒಂಬತ್ತೂವರೆಯ ತನಕ ಸುತ್ತಿಗೆ. ಆಮೇಲೆ ಸೈಕಲ್ಲಿನ ಮೇಲೆ ಟ್ರಂಕು ಕಟ್ಟಿಕೊಂಡು ಅಂಗಡಿಗೆ. ಸಂಜೆ ಐದೂವರೆಗೆ ವಾಪಸ್ಸು ಬಂದು ಮತ್ತೆ ಸುತ್ತಿಗೆ. ನಾನು ಒಂಬತ್ತೂವರೆಗೆ ಹರಿಹರದ ಬಸ್ಸು ಹತ್ತಿ ಐದೂವರೆಗೆ ಬರುತ್ತಿದ್ದೆ. ಬೇಕೆಂದೇ ಜೋಡಿಸಿದ್ದರೂ ಇಷ್ಟು ಕರಾರುವಾಕ್ಕಾಗಿ ಕೂಡುತ್ತಿರಲಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತಿದ್ದರಿಂದ ದಿನವಿಡೀ ಢಣಢಣ. ಸರೋಜ ಹೇಳಿದ ಇಪ್ಪತ್ತೊಂದು ಶುಕ್ರವಾರದ ಮೌನವನ್ನೂ ನಾನು ತಪ್ಪದೆ ಹಿಡಿದಿದ್ದೆ.

ನಾನೇನು ಸೋಲುವವನೇ? ಸರೋಜಳ ತಲೆಯ ಪ್ರಶ್ನೆ ಇದು. ಮೊದಲು ಗೋಣಿಚೀಲಕ್ಕೆ ಹತ್ತಿ ತುಂಬಿಸಿ ನಡುಗೋಡೆಗೆ ಉದ್ದಕ್ಕೂ ಮೊಳೆ ಹೊಡೆದು ತೂಗುಹಾಕಿದೆ. ಸದ್ದು ಹಾಗೇ ಬಂತು, ಚೀಲದೊಳಗೆ ಇಲಿಗಳೂ ಬಂದವು. ಆಮೇಲೆ ಬೀರುವನ್ನು ಗೋಡೆಗೆ ಅಡ್ಡವಾಗಿ ನಿಲ್ಲಿಸಿದೆ. ಅದೂ ತಗಡಿನದೇ, ತನ್ನ ಜಾತಿಯ ಕೂಗು ಕೇಳಿ ಓಗೊಡಲು ಶುರುಮಾಡಿತು. ಕೊನೆಗೆ ನೇರವಾಗಿ ಹೇಳಿಯೇ ಬಿಡುತ್ತೇನೆ ಎಂದು ಪಕ್ಕದ ಮನೆಗೆ ಹೋದೆ. ಹೋದವನಿಗೆ ಹಸೀನಾಬಿ ಚಹ, ಖಾರಾ ಕೊಟ್ಟರು. ಬಾಷಾ ಸಾಬರು ಟ್ರಂಕಿನ ಮುಚ್ಚಳ ಹಾಕಿ ತೆಗೆದು ಹಾಕಿ, "ನೋಡ್ರಿ ಸಾರ್, ಒಂದು ಇರುವೆ ಒಳಗ ಹೋಗಲ್ಲ" ಎಂದರು. ನಾನು ಬಂದ ವಿಷಯ ಮಾತ್ರ ಹೊರಗೆ ಬರಲಿಲ್ಲ. ಬರಿಗೈಯಲ್ಲಿ ಎದ್ದು ಬರುವುದು ಹೇಗೆಂದು ಒಂದು ಟ್ರಂಕು ಕೊಂಡೆ. ಮುಂದಿನ ವಾರ ಇನ್ನೂ ಗಟ್ಟಿ ಮನಸ್ಸು ಮಾಡಿ ಹೋದೆ, ಇನ್ನೂ ದೊಡ್ಡ ಟ್ರಂಕು ತಂದೆ. ಮೂರನೆಯದು ಬಂದಾಗ ಸರೋಜ, "ರೀ, ನಾವು ಊರು ಬಿಡ್ತಿದ್ದೀವಾ?" ಎಂದು ಕೇಳಿದಳು.

ಅವಳ ನಡವಳಿಕೆ ನನಗೆ ಅರ್ಥವಾಗುತ್ತಿರಲಿಲ್ಲ. ಗೋಡೆ ಅದುರುತ್ತಿದ್ದರೆ ಅವಳು ಅಕ್ಕಿ ಆರಿಸುತ್ತ ಯಾವುದೋ ಹಾಡು ಗುನುಗುತ್ತಿದ್ದಳು. ಪಾಪ, ನನಗೆ ಬೇಜಾರಾದೀತೆಂದು ನೋವು ನುಂಗಿಕೊಂಡು ನಟಿಸುತ್ತಿದ್ದಾಳೆ ಎಂದು ನನ್ನ ಕಣ್ಣು ಒದ್ದೆಯಾಗುತ್ತಿತ್ತು. ಅವಳಿಗೆ ಧೈರ್ಯ ಹೇಳೋಣವೆಂದರೆ ಸುತ್ತಿಗೆಯ ಸದ್ದು. ಅದಕ್ಕೂ ಮೇಲೆ ಸ್ವರ ಏರಿಸಬೇಕಾಗುತ್ತಿತ್ತು. ನಾನು ಏರಿಸಿದರೆ ಆ ಸುತ್ತಿಗೆಯೂ ಏರುತ್ತಿತ್ತು. ನಾನು ಇನ್ನೂ ಏರಿಸುತ್ತಿದ್ದೆ. ನಾಳೆಯ ಪಾಠವನ್ನು ಹಿಂದಿನ ಸಂಜೆ ಒಂದು ಸಲ ಬಾಯಿಬಿಟ್ಟು ಹೇಳಿಕೊಳ್ಳುವುದು ನನ್ನ ರೂಢಿ. ಲಂಬಕೋನ ತ್ರಿಭುಜಕ್ಕೂ ತಗಡಿನ ಟ್ರಂಕಿಗೂ ದಿನಾ ಸಂಜೆ ಕುಸ್ತಿ ನಡೆಯುತ್ತಿತ್ತು.

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಚಹ ಕುಡಿಯುವುದಿಲ್ಲ, ಖಾರಾ ಮುಟ್ಟುವುದಿಲ್ಲ, ಟ್ರಂಕಿನ ಕಡೆ ಕಣ್ಣೆತ್ತಿ ನೋಡುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡು ಹೊರಟೆ. ಬಾಗಿಲಲ್ಲಿ ನಿಂತೇ ಹೇಳಿದೆ. ಹೆಂಡತಿಯ ತಲೆನೋವು, ಡಾಕ್ಟರ ಮಾತು, ಶುಕ್ರವಾರದ ಮೋಸ, ಎಲ್ಲವನ್ನೂ ಒಂದೇ ಉಸಿರಿಗೆ. ಬಾಷಾ ಸಾಬರ ಸುತ್ತಿಗೆ ಮೇಲೆತ್ತಿದ್ದು ಅಲ್ಲೇ ನಿಂತಿತು. ಮುಖ ಸಣ್ಣದಾಯಿತು.

"ಅಕ್ಕಾವರಿಗೆ ತಲೆನೋವಾ? ಅರೆ ಸಾರ್, ಮೊದಲನೇ ದಿನಾನೇ ಹೇಳ್ಬಾರದಾ? ಹರಿಹರದ ರಸ್ತ್ಯಾಗ ನಮ್ ಭಾವಂದು ಶೆಡ್ ಖಾಲಿ ಬಿದ್ದೈತೆ. ನಾಳೇನೇ ಎಲ್ಲಾ ಅಲ್ಲಿಗೆ ಒಯ್ತೀನಿ. ಮಾಫ್ ಮಾಡ್ರಿ."

ಇಷ್ಟು ಸುಲಭವಾಗಿ ಗೆಲ್ಲುತ್ತೇನೆಂದು ನಾನು ಎಣಿಸಿರಲಿಲ್ಲ. ಅವರು ಒಂದು ಗಳಿಗೆ ಸುತ್ತಿಗೆಯ ಹಿಡಿಕೆ ಉಜ್ಜುತ್ತ ಕೂತು, ನಾಚಿಕೊಂಡು ಹೇಳಿದರು. "ಒಂದು ಮಾತು ಹೇಳ್ಲಾ ಸಾರ್? ಬೇಜಾರು ಮಾಡ್ಕೋಬ್ಯಾಡ್ರಿ. ನಾವೂ ನಿಮ್ಮನ್ನ ಶುಕ್ರವಾರಾನೇ ನೋಡಿದ್ದು. ಬಾಯಿ ಸತ್ತ ಮನುಷ್ಯ, ನಡುಗ್ವಾಡೆಗೆ ಇಂಥೋರು ಸಿಗೋದು ನಸೀಬು ಅಂತ ಹೂಂ ಅಂದ್ವಿ. ಶನಿವಾರ ನಿಮ್ ಬಾಯಿ ಕೇಳಿ ಹಸೀನಾ, ಮನಿ ಬ್ಯಾರೆಯೋರಿಗೆ ಮಾರಿಬಿಟ್ರಾ ಅಂತ ಕೇಳಿದ್ಲು. ಗಂಡ ಹೆಂಡ್ತಿ ಮಾತು ಪಕ್ಕದೋರ ಕಿವಿಗೆ ಬೀಳಬಾರದು ಸಾರ್, ಅದು ಅದಬ್ ಅಲ್ಲ, ಮರ್ಯಾದಿ ಅಲ್ಲ. ಅದಕ್ಕ ನೀವು ಬಾಯಿ ತೆಗೆದಾಗೆಲ್ಲ ನಾನು ಜೋರಾಗಿ ಬಡೀತಿದ್ದೆ. ಮತ್ತೆ ನಿಮ್ ಪಾಠದಾಗಿನ ಆ ಮೂರು, ನಾಲ್ಕು, ಐದರ ತ್ರಿಭುಜದ್ದು... ಮೂಲೆ ನೆಟ್ಟಗೆ ಬರ್ಲಿ ಅಂತ ನಾವು ದಿನಾ ಅದೇ ಅಳತೆ ಹಿಡಿಯೋದು, ನಮ್ಮಪ್ಪ ಪಿಸುಮಾತಿನಾಗ ಹೇಳಿಕೊಟ್ಟಿದ್ರು. ಅದು ಅಷ್ಟು ಕೂಗಿ ಹೇಳೋ ವಿಷಯ ಅಂತ ನನಗೆ ಗೊತ್ತಿರಲಿಲ್ಲ."

ನನಗೆ ಸ್ವಲ್ಪ ಅವಮಾನವೇ ಆಯಿತು. ಆದರೆ ಗೆದ್ದವನು ದೊಡ್ಡ ಮನಸ್ಸು ಮಾಡಬೇಕು. ನಕ್ಕು ಮನೆಗೆ ಬಂದೆ. ಮಾರನೆಯ ದಿನ ಹಳಿ, ಸುತ್ತಿಗೆ, ತಗಡು ಎಲ್ಲ ಗಾಡಿ ಹತ್ತಿ ಹೋದವು.

ಅವತ್ತು ಸಂಜೆ ಮನೆಗೆ ಬಂದರೆ ಗುಬ್ಬಿಯ ರೆಕ್ಕೆ ಕೇಳಿಸಿತು. ಆಹಾ! ಸರೋಜಳನ್ನು ಕರೆದು ಕೂರಿಸಿ, ನಾನು ಹೇಗೆ ಮಾತಾಡಿದೆ, ಅವರು ಹೇಗೆ ಒಪ್ಪಿದರು ಎಂದು ಮೊದಲಿನಿಂದ ಹೇಳಿದೆ. ಮಂಗಳವಾರ ಅದನ್ನೇ ಇನ್ನಷ್ಟು ವಿವರವಾಗಿ ಹೇಳಿದೆ. ಬುಧವಾರ ಶಾಲೆಯಿಂದ ಬಂದಾಗ ಅವಳು ಶುಂಠಿ ಹಚ್ಚಿ, ಪಂಚೆಯ ಪಟ್ಟಿ ಕಟ್ಟಿ, ಗೋಡೆಯ ಕಡೆ ತಿರುಗಿ ಮಲಗಿದ್ದಳು.

ನಾನು ದಿಗ್ಭ್ರಮೆಗೊಂಡು ಪಕ್ಕದಲ್ಲಿ ಕೂತೆ. "ಇದೇನೇ ಸರೋಜ! ಈಗ ಒಂದು ಸದ್ದೂ ಇಲ್ಲವಲ್ಲ! ಈಗ್ಯಾಕೆ ಬಂತು ಇದು?"

"ಸದ್ದು ಇಲ್ಲ ಅಂತಲೇ ಬಂತು ರೀ" ಎಂದಳು ಗೋಡೆಗೆ.

"ಅಂದರೆ?"

ಅವಳು ತಿರುಗಲಿಲ್ಲ. ಪಟ್ಟಿಯನ್ನು ಅಂಗೈಯಿಂದ ಒತ್ತಿ ಹಿಡಿದು, "ಆ ನಾಲ್ಕು ತಿಂಗಳು ನಾನು ಒಂದಿನಾನೂ ಪಟ್ಟಿ ಕಟ್ಟಿದ್ದು ನೋಡಿದ್ರಾ? ಬಾಷಾ ಸಾಬರು ಬಡೀತಿದ್ರೆ ನಿಮ್ಮ ಮಾತು ಅದರಾಗ ಕರಗಿ ಹೋಗ್ತಿತ್ತು. ನೀವು ಒಂಚೂರು ಮೆತ್ತಗ ಮಾತಾಡಿದ್ರೆ..." ಎಂದಳು.

"ನಾನು ಮೆತ್ತಗೇ ಮಾತಾಡ್ತಿದ್ದೀನಲ್ಲೇ!" ಎಂದೆ.

"ಏನು ಸಾರ್, ಕರೆದ್ರಾ?" ಎಂದು ನಡುಗೋಡೆಯ ಆಚೆಯಿಂದ ಹಸೀನಾಬಿ ಕೇಳಿದರು.

ನಾನು ಬಾಯಿ ಮುಚ್ಚಿದೆ. ಆ ಕೋಣೆಯಲ್ಲಿ ಆಗ ಉಂಟಾದ ನಿಶ್ಶಬ್ದ ನಾನು ಮೂರು ಶುಕ್ರವಾರ ಕೇಳಿ ಮನಸೋತು ಕೊಂಡಿದ್ದ ಅದೇ ನಿಶ್ಶಬ್ದ. ಸರೋಜಳ ಹಣೆಯ ಗೆರೆ ನಿಧಾನವಾಗಿ ಸಡಿಲಾಗುವುದು ನನಗೆ ಕಾಣಿಸಿತು. ಹಿಟ್ಟಿನ ಗಿರಣಿಯವನನ್ನು ಬಯ್ಯುತ್ತ ಅವಳ ತಲೆದೆಸೆಯಲ್ಲಿ ನಾನು ಕೂತಿದ್ದ ಸಂಜೆಗಳೆಲ್ಲ ನೆನಪಾದವು. ಮದುವೆಯಾದಂದಿನಿಂದ ಈ ಹೆಂಗಸು ನನಗೆ ಒಂದು ಮಾತು ಹೇಳದೆ ತಡೆದುಕೊಂಡಿದ್ದಳಲ್ಲ ಎಂದು ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಒಂದು ಕಾಗದ ತೆಗೆದುಕೊಂಡು, "ನಿಮ್ಮ ಅಜ್ಜಿಯ ವ್ರತ?" ಎಂದು ಬರೆದು ತೋರಿಸಿದೆ.

ಅವಳು ಪಟ್ಟಿಯ ಕೆಳಗಿನಿಂದ ಓದಿ, ಸಣ್ಣಗೆ ನಕ್ಕಳು. "ನಮ್ಮಜ್ಜಿ ಯಾವ ವ್ರತಾನೂ ಹೇಳಿರಲಿಲ್ಲ ರೀ. ವಾರದಾಗ ಒಂದು ಸಂಜೆ ಆದ್ರೂ ಇರ್ಲಿ ಅಂತ ನಾನೇ ಹೇಳಿದ್ದು."

ಕಿವಿಗೆ ರೆಪ್ಪೆಯಿಲ್ಲ ಎಂದು ಊರೆಲ್ಲ ದೂರಿಕೊಂಡು ತಿರುಗಿದವನಿಗೆ ಬಾಯಿಗೆ ದೇವರು ಎರಡು ತುಟಿ ಕೊಟ್ಟಿದ್ದಾನೆ ಎನ್ನುವುದು ಆವತ್ತೇ ಹೊಳೆದದ್ದು. ಆದರೆ ಹೊಳೆಯುವುದು ಬೇರೆ, ರೂಢಿಯಾಗುವುದು ಬೇರೆ. ಹದಿನೆಂಟು ವರ್ಷ ಗೂಡ್ಸ್ ಗಾಡಿಯ ಜೊತೆ ಪೈಪೋಟಿ ಮಾಡಿದ ಗಂಟಲು ಒಂದು ಬುಧವಾರದಲ್ಲಿ ಇಳಿಯುತ್ತದೆಯೇ? ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಗುರುವಾರ ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎಂದು ಪಿಸುಗುಟ್ಟಿದೆ. ಓಣಿಯ ಮೂರನೆಯ ಮನೆಯವರು ಉಪ್ಪಿನ ಬಟ್ಟಲು ತಂದುಕೊಟ್ಟರು.

ನಾನು ಒಂದು ಸಲ ನಿಶ್ಚಯ ಮಾಡಿದೆನೆಂದರೆ ಮಾಡಿದಂತೆಯೇ. ಆ ಸಂಜೆ ಹರಿಹರದಿಂದ ಬರುವಾಗ ದಾರಿಯಲ್ಲೇ ಬಸ್ಸಿಳಿದು ಬಾಷಾ ಸಾಬರ ಶೆಡ್ಡು ಹುಡುಕಿಕೊಂಡು ಹೋದೆ. ಅವರು ನನ್ನನ್ನು ಕಂಡು ಸುತ್ತಿಗೆಯನ್ನು ಗಾಬರಿಯಿಂದ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. "ಇಲ್ಲಿಗೂ ಕೇಳಿಸ್ತೈತೇನ್ರಿ ಸಾರ್?"

ನಾನು ಒಂದು ಖಾಲಿ ಟ್ರಂಕಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ನನಗೆ ಸಾಧ್ಯವಾದಷ್ಟು ಮೆತ್ತಗೆ. ಅವರು ಎರಡು ಸಲ, "ಏನಂದ್ರಿ? ಸ್ವಲ್ಪ ಜೋರಾಗಿ ಹೇಳ್ರಿ" ಎಂದರು. ನನ್ನ ಆಯುಷ್ಯದಲ್ಲಿ ಆ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಪೂರ್ತಿ ಅರ್ಥವಾದ ಮೇಲೆ ಅವರು ನಗಲಿಲ್ಲ, ಅದು ಅವರ ದೊಡ್ಡತನ. ಮೀಸೆ ಮಾತ್ರ ಒಂದು ಸಲ ಅದುರಿತು.

"ಆತು ಬಿಡ್ರಿ ಸಾರ್. ಅಕ್ಕಾವರ ತಲೆಗಿಂತ ಹೆಚ್ಚಿಂದು ಏನೈತೆ. ನಾಡಿದ್ದು ಶನಿವಾರ ಬೆಳಿಗ್ಗೆ ಆರಕ್ಕೆ ಮನಿಯಾಗೇ ಶುರು ಮಾಡ್ತೀನಿ, ನೀವು ಬಸ್ಸು ಹತ್ತೋ ತನಕ ಕೈ ಬಿಡಲ್ಲ. ಸಂಜೆನೂ ಅಷ್ಟೇ." ಆಮೇಲೆ ಏನೋ ನೆನಪಾಗಿ ಅವರ ಮುಖ ಮತ್ತೆ ಸಣ್ಣದಾಯಿತು. "ಆದ್ರೆ ಶುಕ್ರವಾರ ಒಂದಿನ ಆಗಲ್ಲ ಸಾರ್. ಜುಮ್ಮಾ. ಅವತ್ತು ಏನ್ ಮಾಡ್ತೀರಿ?"

"ಶುಕ್ರವಾರದ ಚಿಂತಿ ಬ್ಯಾಡ್ರಿ" ಎಂದೆ. "ಅವತ್ತು ನಾನೂ ಅಂಗಡಿ ಮುಚ್ಚಿರ್ತೀನಿ."